ಸುಣ್ಣದ ನೀರಿನ ಊರಿನಲ್ಲಿ ಕಪ್ಪು ಕಾರು ತೊಳೆಯುವ ಬಗೆ

ಮೇ ತಿಂಗಳ ಕೊನೆಗೆ ನಮ್ಮ ಮನೆಯ ಕೂಲರಿನ ಪ್ಯಾಡು ಬಿಚ್ಚಿದರೆ ಹುಲ್ಲು ಕಾಣುವುದಿಲ್ಲ. ಬಿಳಿ ಸುಣ್ಣ ಕಟ್ಟಿದ ಗಟ್ಟಿ ಹಪ್ಪಳವೊಂದು ಕೈಗೆ ಬರುತ್ತದೆ, ಬಡಿದರೆ ಚೂರುಚೂರಾಗಿ ಉದುರುತ್ತದೆ. ಕಲಬುರಗಿಯಲ್ಲಿ ಬೋರಿನ ನೀರು ಬಳಸುವವರ ಮನೆಯಲ್ಲೆಲ್ಲ ಇದೇ ಕಥೆ. ಬಚ್ಚಲಿನ ನಲ್ಲಿಯ ಮೂತಿ, ಗೀಸರಿನ ಕಾಯಿಲ್, ಸ್ಟೀಲ್ ಕೊಡದ ತಳ ಎಲ್ಲದಕ್ಕೂ ಆ ಬಿಳಿ ಪೊರೆ ಹತ್ತಿರುತ್ತದೆ. ಚಿಕ್ಕಂದಿನಿಂದ ಇದನ್ನು ನೋಡುತ್ತಲೇ ಬೆಳೆದವನು ನಾನು. ಆದರೂ ಹೊಸ ಕಾರು ಬಂದ ಎರಡನೆಯ ಭಾನುವಾರ, ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅದೇ ಬೋರಿನ ಪೈಪು ಹಿಡಿದು ಕಾರಿಗೆ ಜಳಕ ಮಾಡಿಸಿದೆ.

ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಬಾನೆಟ್ಟಿನ ಮೇಲೆ ಸಾವಿರ ಚುಕ್ಕೆಗಳು ಎದ್ದಿದ್ದವು. ಪಕ್ಕದ ಮನೆಯ ಕಾಕಾ ಕಾಂಪೌಂಡಿನ ಆಚೆಯಿಂದಲೇ ನೋಡಿ, “ಏನಪ್ಪ, ಹೊಸ ಕಾರಿಗೆ ಸಿಡುಬು ಎದ್ದಿದೆಯಲ್ಲ!” ಎಂದರು. ಅವರ ಮಾತಿನಲ್ಲಿ ಸ್ವಲ್ಪವೂ ಉತ್ಪ್ರೇಕ್ಷೆ ಇರಲಿಲ್ಲ. ಆ ಚುಕ್ಕೆಗಳಲ್ಲಿ ಕೆಲವು ಇವತ್ತಿಗೂ ಹೋಗಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಹುಡುಕಿದರೆ ಸಿಗುತ್ತವೆ.

ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. 1.5 ಲೀಟರಿನ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ ಪೆಟ್ರೋಲ್ ಎಂಜಿನ್, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಬಣ್ಣ ಕಪ್ಪು. ಈ ಊರಿನ ಬಿಸಿಲಿಗೆ, ಧೂಳಿಗೆ ಕಪ್ಪು ಕಾರು ಕೊಳ್ಳುವವನಿಗೆ ಬುದ್ಧಿ ಇಲ್ಲ ಎಂದು ಅವ್ವ ಹೇಳಿದ್ದಳು. ಅದು ನಿಜವೇ ಇರಬಹುದು. ಕೊಂಡಾಗಿದೆ, ಇನ್ನು ನೋಡಿಕೊಳ್ಳಬೇಕು. ಕೆಳಗೆ ಬರೆದಿರುವುದೆಲ್ಲ ಟರ್ಬೊ ಎಂಜಿನ್ನಿನ ಯಾವುದೇ ಚುರುಕು ಕಾರಿಗೆ ಹೊಂದುತ್ತದೆ. ತೊಳೆಯುವ ಭಾಗವಂತೂ ಹಳೆಯ ಆಲ್ಟೊಗೂ ಹೊಂದುತ್ತದೆ.

ಮೊದಲು ನೀರನ್ನು ಪರೀಕ್ಷಿಸಿ

ಶಾಂಪೂ, ಫೋಮ್ ಗನ್, ಸೆರಾಮಿಕ್ ಕೋಟಿಂಗ್ ಎಂದು ದುಡ್ಡು ಸುರಿಯುವ ಮೊದಲು ನಿಮ್ಮ ನಲ್ಲಿಯಲ್ಲಿ ಬರುವ ನೀರು ಎಂಥದ್ದು ಎಂದು ತಿಳಿಯಿರಿ. ಸುಲಭದ ಉಪಾಯವೊಂದಿದೆ. ಒಂದು ಕಪ್ಪು ಟೈಲ್ಸ್ ತುಂಡಿನ ಮೇಲೆ ಬೋರಿನ ನೀರು, ನಲ್ಲಿ ನೀರು, ಆರ್‌ಒ ನೀರು ಒಂದೊಂದು ಹನಿ ಹಾಕಿ ಬಿಸಿಲಿಗಿಡಿ. ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಯಾವ ಹನಿ ಬಿಳಿ ಬಳೆಯನ್ನು ಬಿಟ್ಟು ಆರಿತೋ, ಆ ನೀರಿಗೆ ಕಾರಿನ ಮೇಲೆ ಆರಲು ಅವಕಾಶ ಕೊಡಬಾರದು.

ಅಂಕಿಯೇ ಬೇಕೆನ್ನುವವರು ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಮೀಟರ್ ತರಿಸಿಕೊಳ್ಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೆ ನಡೆಯುತ್ತದೆ. ಗಡಸುತನಕ್ಕೆ, ಅಂದರೆ ಸುಣ್ಣದಂಥ ಲವಣಗಳಿಗೆ, ಇದೇ ಮಿತಿ 200 ಮತ್ತು 600. ನಮ್ಮ ಬೋರಿನ ನೀರಿಗೆ ಮೀಟರು ಅದ್ದಿದಾಗ 1180 ತೋರಿಸಿತು. ಆಶ್ಚರ್ಯವೇನಿಲ್ಲ. ನಮ್ಮ ಕಾಲ ಕೆಳಗೆ ಇರುವುದೇ ಸುಣ್ಣದ ಕಲ್ಲು. ಶಹಾಬಾದಿನ ಹಾಸುಗಲ್ಲು ದೇಶದ ತುಂಬ ಮನೆಗಳ ನೆಲವಾಗಿದೆ, ಸೇಡಂ, ಮಳಖೇಡ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಎಲ್ಲವೂ ಆ ಕಲ್ಲಿನ ದೆಸೆಯಿಂದಲೇ. ಅದರ ಬಿರುಕುಗಳಲ್ಲಿ ಇಳಿದು ಬಂದ ನೀರು ಕ್ಯಾಲ್ಸಿಯಂ ಹೊತ್ತುಕೊಂಡೇ ಮೇಲೆ ಬರುತ್ತದೆ. ಆರುವಾಗ ನೀರಷ್ಟೇ ಹಾರಿಹೋಗುತ್ತದೆ, ಕಲ್ಲು ನಿಮ್ಮ ಬಾನೆಟ್ಟಿನ ಮೇಲೆ ಉಳಿಯುತ್ತದೆ.

ಭೀಮಾ ಮತ್ತು ಬೆಣ್ಣೆತೊರಾದಿಂದ ಬರುವ ನಲ್ಲಿ ನೀರು ಬೋರಿಗಿಂತ ಎಷ್ಟೋ ಮೃದು. ಆದರೆ ಬೇಸಿಗೆಯಲ್ಲಿ ಅದು ಬರುವ ದಿನ ಓಣಿಯೇ ಕೊಡ ಹಿಡಿದು ನಿಂತಿರುವಾಗ ಆ ನೀರನ್ನು ಕಾರಿಗೆ ಸುರಿಯುವುದು ನನ್ನಿಂದಾಗುವುದಿಲ್ಲ. ನಿಮ್ಮಿಂದಲೂ ಆಗಬಾರದು. ಹಾಗಾಗಿ ನಾನು ಮಾಡುವುದು ಇಷ್ಟು: ತೊಳೆಯುವುದೆಲ್ಲ ಬೋರಿನ ನೀರಿನಲ್ಲಿ, ಕೊನೆಯ ಐದು ಲೀಟರ್ ಮಾತ್ರ ಮೃದು ನೀರಿನಲ್ಲಿ.

ಆ ಐದು ಲೀಟರ್ ಎಲ್ಲಿಂದ? ಏಸಿಯ ಹಿಂದಿನ ಕೊಳವೆಯಿಂದ. ಏಸಿಯಿಂದ ತೊಟ್ಟಿಕ್ಕುವುದು ಗಾಳಿಯ ತೇವ ತಣಿದು ಆದ ನೀರು, ಅದರಲ್ಲಿ ಸುಣ್ಣವಿರುವುದಿಲ್ಲ. ಕೊಳವೆಯ ಕೆಳಗೆ ಒಂದು ಕ್ಯಾನ್ ಇಟ್ಟರೆ ಎರಡು ಮೂರು ರಾತ್ರಿಗಳಲ್ಲಿ ಬೇಕಾದಷ್ಟು ಸೇರುತ್ತದೆ. ಏಸಿಯೊಳಗಿನ ಧೂಳು, ಪಾಚಿ ಬಂದಿರಬಹುದಾದ್ದರಿಂದ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಮಳೆಗಾಲದಲ್ಲಿ ಮಾಳಿಗೆಯ ನೀರೂ ಆದೀತು, ಮೊದಲ ಮಳೆಯದ್ದು ಬೇಡ.

ಇಲ್ಲೊಂದು ಎಚ್ಚರಿಕೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಹಾಳು ಮಾಡಬಾರದೆಂದು ಬಕೆಟ್ಟಿನಲ್ಲಿ ಹಿಡಿದು ಅದರಲ್ಲೇ ಕಾರು ತೊಳೆಯುವವರು ಬಹಳ ಜನ. ಉದ್ದೇಶ ಒಳ್ಳೆಯದು, ಆದರೆ ಯಂತ್ರ ಶುದ್ಧ ನೀರಿನಿಂದ ತೆಗೆದ ಸುಣ್ಣವೆಲ್ಲ ಸೇರಿರುವುದು ಆ ಬಕೆಟ್ಟಿನಲ್ಲೇ. ಅದು ಯಂತ್ರಕ್ಕೆ ಬಿಟ್ಟ ನೀರಿಗಿಂತಲೂ ಗಡಸು. ಅಂಗಳ ತೊಳೆಯಿರಿ, ಪಾಯಿಖಾನೆಗೆ ಹಾಕಿ. ಕಾರಿನ ಹತ್ತಿರ ತರಬೇಡಿ.

ಹೊತ್ತು ಮತ್ತು ಜಾಗ

ಬೆಳಿಗ್ಗೆ ಆರಕ್ಕೆ ಶುರು, ಏಳೂವರೆಗೆ ಮುಗಿತಾಯ. ಬೇಸಿಗೆಯಲ್ಲಿ ಇದಕ್ಕೆ ಬದಲಿ ಇಲ್ಲ. ಸಂಜೆ ತೊಳೆಯುತ್ತೇನೆ ಎನ್ನುವವರು ಸೂರ್ಯ ಮುಳುಗಿದ ಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಲಿ. ಪಾದರಸ 43 ಡಿಗ್ರಿ ದಾಟಿದ ದಿನ ರಾತ್ರಿ ಎಂಟಾದರೂ ತಗಡು ಬೆಚ್ಚಗಿರುತ್ತದೆ. ಬಿಸಿ ತಗಡಿನ ಮೇಲೆ ಶಾಂಪೂ ನೊರೆ ಒಣಗಿ ಪೊರೆಯಾಗುತ್ತದೆ, ನೀರು ಚುಕ್ಕೆಯಾಗುತ್ತದೆ. ಅಂಗೈ ತಣ್ಣಗೆನಿಸಿದರೆ ಮಾತ್ರ ಬಕೆಟ್ಟಿಗೆ ಕೈ ಹಾಕಿ.

ಓಡಿಸಿಕೊಂಡು ಬಂದ ತಕ್ಷಣವಂತೂ ತೊಳೆಯಲೇಬೇಡಿ. ಹುಮನಾಬಾದ್ ರಸ್ತೆಯಲ್ಲಿ ಜೋರಾಗಿ ಬಂದು ನಿಲ್ಲಿಸಿದ ಕಾರಿನ ಬ್ರೇಕ್ ಡಿಸ್ಕ್ ಕಾದ ಹಂಚಿನಂತಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಅದುರುತ್ತದೆ.

ಬೇವಿನ ಮರದ ನೆರಳು ತಂಪು, ಒಪ್ಪುತ್ತೇನೆ. ಆದರೆ ಯುಗಾದಿಯ ಆಸುಪಾಸಿನಲ್ಲಿ ಬೇವು ಹೂ ಉದುರಿಸುತ್ತದೆ, ಮೇಲೆ ಹಕ್ಕಿಗಳೂ ಇರುತ್ತವೆ. ಹಕ್ಕಿಯ ಹಿಕ್ಕೆಯನ್ನು ಮಾತ್ರ ನಾಳೆಗೆ ಬಿಡಬೇಡಿ. ನಮ್ಮ ಬಿಸಿಲಿನಲ್ಲಿ ಅದು ಒಂದೇ ಮಧ್ಯಾಹ್ನದಲ್ಲಿ ಬಣ್ಣಕ್ಕೆ ಗುರುತು ಕೂರಿಸಬಲ್ಲದು. ಒದ್ದೆ ಬಟ್ಟೆಯನ್ನು ಎರಡು ನಿಮಿಷ ಅದರ ಮೇಲೆ ಹಾಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಉಜ್ಜಬೇಡಿ.

ಒಣ ಬಟ್ಟೆಯ ಪಾಪ

ದಿನಾ ಬೆಳಿಗ್ಗೆ ನಮ್ಮ ಓಣಿಯಲ್ಲಿ ಒಂದು ದೃಶ್ಯ ಕಾಣುತ್ತದೆ. ಹೆಗಲ ಮೇಲಿನ ಹಳೆಯ ಟವೆಲ್ ತೆಗೆದು, ಕಾರಿನ ಮೇಲಿನ ಧೂಳನ್ನು ರಪರಪನೆ ಒರೆಸಿ, ಅದೇ ಟವೆಲನ್ನು ಝಾಡಿಸಿ, ಮತ್ತೆ ಒರೆಸುವುದು. ನೋಡಲು ಶಿಸ್ತಿನ ಕೆಲಸ. ಆದರೆ ಧೂಳೆಂದರೆ ನುಣ್ಣನೆಯ ಕಲ್ಲಿನ ಪುಡಿ. ಒಣ ಬಟ್ಟೆಯಲ್ಲಿ ಅದನ್ನು ತಿಕ್ಕಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಕಾರಿನ ಬಣ್ಣದ ಮೇಲೆ ಹೊಳಪು ಕೊಡುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪವಿರುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯ ಅರ್ಧದಷ್ಟು. ದಿನಾ ಒರೆಸಿದ ಕಪ್ಪು ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ: ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಗೀರುಗಳು. ಒರೆಸದೆ ಧೂಳು ಹಿಡಿದು ನಿಂತ ಕಾರಿಗೆ ಈ ಕೇಡಿಲ್ಲ. ವಾರವಿಡೀ ಧೂಳಿನಲ್ಲಿದ್ದರೂ ಇರಲಿ, ಬಿಡಿ.

ಧೂಳಿನಲ್ಲೂ ಜಾತಿಗಳಿವೆ. ಕಲಬುರಗಿಯ ಎರೆ ಮಣ್ಣು ಒಣಗಿದಾಗ ಪೌಡರಿನಂತೆ ಹಾರುತ್ತದೆ, ಒದ್ದೆಯಾದರೆ ಅಂಟಿನಂತೆ ಹಿಡಿಯುತ್ತದೆ. ಬೀದರಿನ ಕಡೆ ಹೋಗಿ ಬಂದರೆ ಜಂಬಿಟ್ಟಿಗೆಯ ಕೆಂಪು ಧೂಳು, ಹರಳು ಹರಳಾಗಿ, ಗೀರುವುದರಲ್ಲಿ ಎರೆಗಿಂತ ಒಂದು ಕೈ ಮೇಲು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಬಂದ ಕಾರಿನ ಲೆಕ್ಕವೇ ಬೇರೆ. ಸಿಮೆಂಟಿನ ಪುಡಿಗೆ ಸ್ವಲ್ಪ ಇಬ್ಬನಿ ಬಿದ್ದರೂ ಅದು ತನ್ನ ಕೆಲಸ ಮಾಡಿ ಗಟ್ಟಿಯಾಗುತ್ತದೆ. ಹಾಗಾಗಿ ಅಂಥ ದಿನ ಮನೆಗೆ ಬಂದ ಮೇಲೆ, ಕಾರು ತಣಿದ ಕೂಡಲೇ, ಕೈ ಹಚ್ಚದೆ ಬರೀ ನೀರು ಹರಿಸಿ. ಚಿಮುಕಿಸಿದರೆ ಸಾಲದು, ಧಾರಾಳ ಹರಿಸಬೇಕು.

ಬೇಕಾದ ಸಾಮಾನು

ಎರಡು 20 ಲೀಟರ್ ಬಕೆಟ್. ಪೇಂಟಿನ ಖಾಲಿ ಬಕೆಟ್ ಸ್ವಚ್ಛ ತೊಳೆದರೆ ಸಾಕು. ಒಂದರ ತಳಕ್ಕೆ ತೂತಿನ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ, ಕೊಳೆ ಅದರ ಕೆಳಗೆ ಇಳಿದು ಕೂರುತ್ತದೆ. ಇದಕ್ಕೆಂದೇ ಮಾರುವ ಜಾಲರಿಯೂ ಸಿಗುತ್ತದೆ. ಚಕ್ರಗಳಿಗೆ ಮೂರನೆಯ ಸಣ್ಣ ಬಕೆಟ್. ಮೈಕ್ರೊಫೈಬರಿನ ಕೈಗವಸು, ನೀರು ಹೀರುವ ದಪ್ಪ ಟವೆಲ್ ಒಂದು, ತೆಳು ಬಟ್ಟೆಗಳು ನಾಲ್ಕೈದು. ಕಾರಿನ ಶಾಂಪೂ, ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ಬಗೆಯದು. ಬಟ್ಟೆಯ ಸೋಪಿನ ಪುಡಿ, ಪಾತ್ರೆಯ ಲಿಕ್ವಿಡ್ ಬೇಡ. ಅವು ಜಿಡ್ಡಿನ ಜೊತೆಗೆ ಹಚ್ಚಿದ ವ್ಯಾಕ್ಸನ್ನೂ ಎಬ್ಬಿಸಿಕೊಂಡು ಹೋಗುತ್ತವೆ.

ಪ್ರೆಶರ್ ವಾಷರ್ ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ನನ್ನ ಬಳಿ ಇರುವುದು ತೊಗರಿಗೆ ಔಷಧ ಹೊಡೆಯುವ ಬೆನ್ನಿನ ಬ್ಯಾಟರಿ ಪಂಪು. 16 ಲೀಟರ್ ಹಿಡಿಯುತ್ತದೆ, ಸಣ್ಣಗೆ ಸಮನಾಗಿ ಚಿಮ್ಮುತ್ತದೆ, ಪೈಪಿನಲ್ಲಿ ನೂರು ಲೀಟರ್ ಹರಿದುಹೋಗುವ ಕಡೆ ಒಂದೇ ಟ್ಯಾಂಕಿನಲ್ಲಿ ಮುಗಿಯುತ್ತದೆ. ಊರಿನ ಯಾವ ಕೃಷಿ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಹೊಲದಲ್ಲಿ ಬಳಸಿದ ಪಂಪನ್ನು ತಂದು ಕಾರಿಗೆ ಹಿಡಿಯಬೇಡಿ. ಕಾಯಿಕೊರಕಕ್ಕೆ ಹೊಡೆದ ವಿಷ ಎಷ್ಟು ತೊಳೆದರೂ ಕೊಳವೆಯಲ್ಲಿ ಉಳಿದಿರುತ್ತದೆ. ಕಾರಿಗಿಂತ ನಿಮ್ಮ ಮೂಗು ಮುಖ್ಯ. ಕಾರಿಗೆ ಹೊಸದೇ ಇರಲಿ, ಅದರ ಮೇಲೆ ದೊಡ್ಡದಾಗಿ ‘ಕಾರು’ ಎಂದು ಬರೆದಿಡಿ.

ತೊಳೆಯುವ ಕ್ರಮ

ಚಕ್ರಗಳಿಂದ ಆರಂಭಿಸಿ. ಕಾರಿನಲ್ಲಿ ಅತಿ ಹೊಲಸು ಜಾಗ ಅದೇ, ಕೊನೆಗೆ ತೊಳೆದರೆ ಅದರ ಕೊಳೆ ಸ್ವಚ್ಛವಾದ ಬಾಗಿಲಿನ ಮೇಲೆ ಸಿಡಿಯುತ್ತದೆ. ಚುರುಕು ಕಾರುಗಳ ಬ್ರೇಕು ಹೆಚ್ಚು ದುಡಿಯುವುದರಿಂದ ಪ್ಯಾಡಿನ ಕಪ್ಪು ಪುಡಿ ಅಲಾಯ್‌ ಮೇಲೆ ಬೇಗ ಕೂರುತ್ತದೆ. ಬಿಸಿಯಲ್ಲಿ ಕೂತದ್ದು ತಿಂಗಳುಗಟ್ಟಲೆ ಬಿಟ್ಟರೆ ಬಿಡಿಸಲು ಬಾರದು. ಮೆತ್ತನೆಯ ಬ್ರಷ್ಷಿನಲ್ಲಿ ಹೊರಗೆ ತಿಕ್ಕಿದ ಮೇಲೆ ಕೈಯನ್ನು ಕಡ್ಡಿಗಳ ನಡುವೆ ತೂರಿಸಿ ರಿಮ್ಮಿನ ಒಳಮೈಯನ್ನೂ ಮುಟ್ಟಿ ನೋಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಜೇವರ್ಗಿ ಕಡೆಯ ಹೊಲದ ದಾರಿಗೆ ಇಳಿದು ಬಂದ ಮೇಲೆ, 90ರ ವೇಗದಲ್ಲಿ ಸ್ಟೀರಿಂಗ್ ನಡುಗತೊಡಗಿತು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದೆ, ಬ್ಯಾಲೆನ್ಸಿಂಗಿಗೂ ಕೊಟ್ಟೆ. ಚಕ್ರ ಬಿಚ್ಚಿದ ಹುಡುಗ ರಿಮ್ಮಿನ ಒಳಗಿನಿಂದ ಅಂಗೈಯಷ್ಟು ಅಗಲದ ಎರೆ ಮಣ್ಣಿನ ಹೆಂಟೆಯನ್ನು ಕಿತ್ತು ನನ್ನ ಕೈಗಿಟ್ಟ. ಇಟ್ಟಿಗೆಯಂತೆ ಒಣಗಿತ್ತು. ನಡುಕಕ್ಕೆ ಅದೊಂದೇ ಕಾರಣ. ಈಗ ಮಳೆಗಾಲದಲ್ಲಿ ಹಳ್ಳಿಗೆ ಹೋಗಿ ಬಂದರೆ, ಮಣ್ಣು ಒಣಗುವ ಮೊದಲೇ ರಿಮ್ಮಿನ ಒಳಗೆ ಮತ್ತು ಚಕ್ರದ ಮೇಲಿನ ಗೂಡಿಗೆ ನೀರು ಹೊಡೆಯುತ್ತೇನೆ. ಬಾನೆಟ್ಟು ಹೊಲಸಿದ್ದರೂ ಅಂದು ನಡೆಯುತ್ತದೆ.

ಚಕ್ರವಾದ ಮೇಲೆ ಇಡೀ ಕಾರಿಗೆ ಮೇಲಿನಿಂದ ಕೆಳಗೆ ನೀರು. ಕೈ ಹಚ್ಚುವ ಮೊದಲು ಎಷ್ಟು ಧೂಳು ತಾನಾಗಿ ಇಳಿದುಹೋಗುತ್ತದೋ ಅಷ್ಟು ಗೀರು ಕಡಿಮೆ. ಪಂಪಿಗೆ ಸ್ವಲ್ಪ ಶಾಂಪೂ ಬೆರೆಸಿ ಒಂದು ಸುತ್ತು ಚಿಮುಕಿಸಿ ಮೂರು ನಿಮಿಷ ಬಿಟ್ಟು, ಮತ್ತೆ ಬರೀ ನೀರು ಹೊಡೆದರೆ ಬಹುಪಾಲು ಕೆಲಸ ಮುಗಿದಂತೆ. ಪ್ರೆಶರ್ ವಾಷರ್ ಇರುವವರು ಮೂತಿಯನ್ನು ಒಂದು ಅಡಿಯಾದರೂ ದೂರ ಹಿಡಿಯಿರಿ. ಮುಂದಿನ ಜಾಲರಿಯ ಹಿಂದೆ ರೇಡಿಯೇಟರ್, ಏಸಿ ಕಂಡೆನ್ಸರ್ ಇವೆ, ಅವುಗಳ ತೆಳು ತಗಡಿನ ಎಸಳುಗಳು ಜೋರು ನೀರಿಗೆ ಮಡಚಿಕೊಳ್ಳುತ್ತವೆ. ಅಲ್ಲಿ ಸಿಕ್ಕಿದ ಹುಳ, ಹತ್ತಿ, ಹೊಟ್ಟನ್ನು ಮೆಲ್ಲಗಿನ ನೀರಿನಲ್ಲಿ ನೆನೆಸಿ ಬಿಡಿಸಿ. ಟರ್ಬೊ ಕಾರಿಗೆ ಗಾಳಿಯ ಆಡುವಿಕೆ ಉಸಿರಿದ್ದಂತೆ, ಆ ಜಾಲರಿ ಕಟ್ಟಿದರೆ ಏಸಿಯೂ ಮಂಕು, ಎಂಜಿನ್ನೂ ಮಂಕು.

ಇನ್ನು ಕೈಗವಸು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನಲ್ಲಿ ಅದ್ದಿ ಮೊದಲು ಛಾವಣಿ, ಆಮೇಲೆ ಗಾಜು, ಬಾನೆಟ್ಟು, ಡಿಕ್ಕಿ, ಬಾಗಿಲುಗಳ ಮೇಲರ್ಧ. ಬಾಗಿಲಿನ ಕೆಳಭಾಗ ಮತ್ತು ಬಂಪರು ಕಡೆಗೆ. ಒಂದು ಭಾಗ ಮುಗಿದ ಕೂಡಲೇ ಗವಸನ್ನು ಬರೀ ನೀರಿನಲ್ಲಿ ಅದ್ದಿ, ಬುಟ್ಟಿಗೆ ತಿಕ್ಕಿ, ಹಿಂಡಿ, ಆಮೇಲಷ್ಟೇ ಮತ್ತೆ ಶಾಂಪೂ. ಕೈ ಉದ್ದುದ್ದ ಓಡಲಿ, ಗುಂಡಗೆ ಸುತ್ತಬೇಡಿ. ಒತ್ತಲೂ ಬೇಡಿ, ಗವಸಿನ ಭಾರವೇ ಸಾಕು. ಕೂಸಿನ ಬೆನ್ನು ತಿಕ್ಕುವಷ್ಟು ಹಗುರ ಎಂದರೆ ಸರಿಯಾದ ಅಳತೆ. ಗವಸು ನೆಲಕ್ಕೆ ಬಿದ್ದರೆ ಅಂದಿಗೆ ಅದರ ಕೆಲಸ ಮುಗಿಯಿತು. ಎಷ್ಟು ಜಾಲಾಡಿದರೂ ಒಂದು ಹರಳು ಉಳಿಯುತ್ತದೆ, ಆ ಒಂದು ಹರಳು ಬಾಗಿಲಿನ ಉದ್ದಕ್ಕೂ ಗೆರೆ ಎಳೆಯುತ್ತದೆ. ಹಾಗಾಗಿ ಎರಡು ಗವಸು ಇಟ್ಟುಕೊಳ್ಳಿ.

ನೊರೆ ಒಣಗಲು ಬಿಡದೆ ಬೋರಿನ ನೀರಿನಲ್ಲಿ ತೊಳೆದು, ಅದು ಆರುವುದಕ್ಕೂ ಮೊದಲು ಕೂಡಿಟ್ಟ ಏಸಿ ನೀರನ್ನು ಮೇಲಿನಿಂದ ನಿಧಾನವಾಗಿ ಸುರಿಯಿರಿ. ಮಗ್ಗಿನಲ್ಲಿ ಎರಚುವುದಕ್ಕಿಂತ ಪಂಪಿನ ಮೂತಿ ತೆಗೆದು ಬರೀ ಕೊಳವೆಯಿಂದ ಹರಿಸುವುದು ಮೇಲು. ಹಾಳೆಯಂತೆ ಜಾರಿದ ನೀರು ಹನಿಗಳನ್ನು ತಾನೇ ಎಳೆದುಕೊಂಡು ಇಳಿಯುತ್ತದೆ.

ಒಣಗಿಸುವುದಕ್ಕೆ ದಪ್ಪ ಟವೆಲನ್ನು ಬಾನೆಟ್ಟಿನ ಮೇಲೆ ಹಾಸಿ, ಅಂಗೈಯಲ್ಲಿ ತಟ್ಟಿ, ಎತ್ತಿ. ನಮ್ಮ ಒಣ ಹವೆಯಲ್ಲಿ ಇದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಛಾವಣಿ ಒರೆಸುವಾಗ ಬಾನೆಟ್ಟು ಆರಿರುತ್ತದೆ. ಇಬ್ಬರಿದ್ದರೆ ಒಳ್ಳೆಯದು, ನನಗೆ ತಂಗಿಯ ಮಗ ಜೊತೆಯಾಗುತ್ತಾನೆ, ಕೂಲಿಯಾಗಿ ಸೂಪರ್ ಮಾರ್ಕೆಟ್ಟಿನವರೆಗೆ ಒಂದು ಸುತ್ತು. ಕನ್ನಡಿಯ ಸಂದು, ಬಾಗಿಲಿನ ಹಿಡಿಕೆ, ನಂಬರ್ ಪ್ಲೇಟಿನ ಹಿಂದೆ ಅಡಗಿದ ನೀರು ಹತ್ತು ನಿಮಿಷದ ನಂತರ ಸುರಿದು ಬಿಳಿ ಗೆರೆ ಎಳೆಯುತ್ತದೆ. ಕೂಲರಿನ ಧೂಳು ತೆಗೆಯುವ ಸಣ್ಣ ಬ್ಲೋವರ್ ಇದ್ದರೆ ಅಲ್ಲಿಗೆ ಊದಿ. ಬಾಗಿಲು ತೆರೆದು ಅಂಚುಗಳನ್ನೂ ಒರೆಸಿ.

ಸಿಡುಬು ಎದ್ದಮೇಲೆ

ಹೊಸ ಚುಕ್ಕೆಗಳಾದರೆ ಹೋಗುತ್ತವೆ. ಬಿಳಿ ವಿನೆಗರ್ ಒಂದು ಪಾಲು, ಆರ್‌ಒ ನೀರು ಒಂದು ಪಾಲು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ತಣ್ಣಗಿನ ತಗಡಿನ ಮೇಲೆ ಎರಡು ನಿಮಿಷ ಹಾಸಿ. ಸುಣ್ಣ ಆಮ್ಲಕ್ಕೆ ಕರಗುತ್ತದೆ, ಕೊಡದ ತಳಕ್ಕೆ ಹುಣಸೆಹಣ್ಣು ತಿಕ್ಕಿದಾಗ ನಡೆಯುವುದೂ ಇದೇ. ಕೂಡಲೇ ಚೆನ್ನಾಗಿ ತೊಳೆದು ಒರೆಸಿ. ಹಾಗೆಂದು ಕಾರಿಗೆ ನಿಂಬೆಹಣ್ಣೋ ಹುಣಸೆಯೋ ಹಚ್ಚಬೇಡಿ, ಹುಣಸೆಯ ನಾರೇ ಗೀರುತ್ತದೆ. ವಿನೆಗರ್ ವ್ಯಾಕ್ಸನ್ನೂ ತಿನ್ನುವುದರಿಂದ ವಾರವಾರ ಮಾಡುವ ಪೂಜೆಯಲ್ಲ ಇದು. ಎರಡು ಸಲ ಮಾಡಿದರೂ ಉಳಿದ ಚುಕ್ಕೆ ಮೇಲೆ ಕೂತಿಲ್ಲ, ಕ್ಲಿಯರ್ ಕೋಟಿನ ಒಳಕ್ಕೆ ಕೊರೆದಿದೆ. ಅದನ್ನು ಪಾಲಿಶ್‌ನಿಂದ ಸವೆಸಿಯೇ ತೆಗೆಯಬೇಕು. ಅರ್ಧ ಹಾಳೆ ದಪ್ಪದ ಪದರದಲ್ಲಿ ಸವೆಸಲು ಎಷ್ಟಿರುತ್ತದೆ? ಅದಕ್ಕೇ ನನ್ನ ಉಳಿದ ಚುಕ್ಕೆಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಈ ಗೋಳೇ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಕೋಟಿಂಗಿನಿಂದ ತೊಳೆಯುವುದು ಸುಲಭವಾಗುತ್ತದೆ, ಹೊಳಪೂ ಇರುತ್ತದೆ. ಆದರೆ ಅದರ ಮೇಲೆ ನೀರು ಗುಂಡು ಗುಂಡು ಹನಿಯಾಗಿ ನಿಲ್ಲುತ್ತದೆ, ಗಡಸು ನೀರಿನ ಒಂದೊಂದು ಗುಂಡೂ ಆರಿ ಒಂದೊಂದು ಅಚ್ಚುಕಟ್ಟಾದ ಬಳೆ ಬಿಡುತ್ತದೆ. ನೀರಿನ ದಾರಿ ಸರಿಪಡಿಸಿಕೊಳ್ಳದೆ ಸಾವಿರಾರು ರೂಪಾಯಿಯ ಕೋಟಿಂಗಿಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲೇ ಒರೆಸಿ ಹಚ್ಚುವ ಸಿಂಥೆಟಿಕ್ ಸೀಲಂಟ್ ಮೂರು ತಿಂಗಳಿಗೊಮ್ಮೆ ಹಚ್ಚಿದರೆ ನನಗೆ ಸಾಕಾಗಿದೆ.

ಬಾನೆಟ್ಟಿನ ಒಳಗೂ ಅದೇ ನೀರಿನ ಕಥೆ

ಎಂಜಿನ್ನಿಗೆ ಪೈಪು ಹಿಡಿಯಬೇಡಿ. ಕಾಯಿಲ್, ಸೆನ್ಸರ್, ಆಲ್ಟರ್ನೇಟರ್ ಇರುವ ಜಾಗ ಅದು. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಪ್ಲಾಸ್ಟಿಕ್ ಭಾಗಗಳನ್ನು ಒರೆಸಿದರೆ ಆಯಿತು.

ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಕಡಿಮೆಯಾದಾಗ ನಲ್ಲಿ ನೀರು ಸುರಿಯುವ ಹಳೆಯ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೂಲರಿನ ಪ್ಯಾಡಿನಲ್ಲಿ ಕಟ್ಟಿದ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕಂಪನಿ ಹೇಳಿದ ಬಗೆಯ ಕೂಲಂಟನ್ನೇ ಹಾಕಿ, ಬೆರೆಸಬೇಕಾಗಿ ಬಂದರೆ ಡಿಸ್ಟಿಲ್ಡ್ ನೀರು. ಮುಚ್ಚಳವನ್ನು ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ತೆಗೆಯಿರಿ. ಗಾಜು ತೊಳೆಯುವ ವೈಪರ್ ನೀರಿಗೂ ಬೋರು ಬೇಡ, ಸೂಜಿಯಂಥ ತೂತು ಕಟ್ಟಿಹೋಗುತ್ತದೆ. ಅಲ್ಲಿಗೆ ಆರ್‌ಒ ನೀರು ಸಾಕು.

ಎಂಜಿನ್ ಆಯಿಲ್ಲಿನ ಕಡ್ಡಿಯನ್ನು ತಿಂಗಳಿಗೆರಡು ಸಲ ಸಮತಟ್ಟು ಜಾಗದಲ್ಲಿ ನೋಡಿ. ಕೈಪಿಡಿಯಲ್ಲಿರುವ ಗ್ರೇಡ್ ಬಿಟ್ಟು ಬೇರೆಯದಕ್ಕೆ ಯಾರೇ ಹೇಳಿದರೂ ಹೂಂ ಅನ್ನಬೇಡಿ. ಟರ್ಬೊದ ಬೇರಿಂಗಿಗೆ ಜೀವ ಈ ಎಣ್ಣೆಯೇ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಧಾಬಾದಲ್ಲೋ ಬಂಕಿನಲ್ಲೋ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಹಾಗೆಯೇ ನಡೆಯಲಿ. ತಟ್ಟನೆ ಆರಿಸಿದರೆ ಕೆಂಪಗೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಸೀದು ಕರಕಲಾಗಬಹುದು. ಊರೊಳಗೆ ಓಡಾಡಿ ಮನೆಗೆ ಬಂದಾಗ ಈ ಶಾಸ್ತ್ರ ಬೇಕಿಲ್ಲ. ನಮ್ಮ ಸಿಗ್ನಲ್ಲುಗಳು, ಹಂಪುಗಳು ಟರ್ಬೊವನ್ನು ಮೊದಲೇ ತಣಿಸಿರುತ್ತವೆ.

ಏರ್ ಫಿಲ್ಟರನ್ನು ನಮ್ಮ ಧೂಳಿನಲ್ಲಿ ಕೈಪಿಡಿಯ ಲೆಕ್ಕಕ್ಕಿಂತ ಮೊದಲೇ ತೆಗೆದು ನೋಡಬೇಕು. ಮೆಲ್ಲಗೆ ತಟ್ಟಿ ಉದುರಿಸಬಹುದು, ತೊಳೆಯಬಾರದು. ಬೂದಿ ಬಣ್ಣ ಒಳಗಿನ ಬದಿಗೂ ಇಳಿದಿದ್ದರೆ ಬದಲಿಸಿ.

ಟೈರಿನ ಗಾಳಿ ಬೆಳಿಗ್ಗೆ, ಕಾರು ಹೊರಡುವ ಮೊದಲು ನೋಡುವಂಥದ್ದು. ಕೈಪಿಡಿಯ ಅಂಕಿ ತಣ್ಣಗಿನ ಟೈರಿನದು. ಗಾಳಿಯ ಬಿಸಿ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಂಕಿಗೆ ಹೋದಾಗ ಮೀಟರು ಹೆಚ್ಚು ತೋರಿಸಿತೆಂದು ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಟೈರು ಮೆತ್ತಗಿರುತ್ತದೆ, ಮೆತ್ತಗಿನ ಟೈರೇ ಬೇಸಿಗೆಯ ಹೆದ್ದಾರಿಯಲ್ಲಿ ಒಡೆಯುವುದು. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪು ಕೊಳ್ಳಿ. ನೈಟ್ರೋಜನ್ನಿಗೆ ಬೇರೆ ದುಡ್ಡು ಕೇಳಿದರೆ, ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಎಂದು ನೆನಪಿಸಿಕೊಂಡು ಮುಂದೆ ಹೋಗಿ.

ರಾಶಿಯ ದಿನಗಳಲ್ಲಿ ಇನ್ನೊಂದು ಕೆಲಸ ಕೂಡುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕಟಾವಾದಾಗ ಹಳ್ಳಿಯ ರಸ್ತೆಗಳ ಮೇಲೆ ಬೆಳೆ ಹರವಿರುತ್ತಾರೆ, ವಾಹನಗಳೇ ತುಳಿದು ಕಾಳು ಉದುರಿಸಲಿ ಎಂದು. ತಗ್ಗು ಕಾರಿನ ಹೊಟ್ಟೆಗೆ ಆ ಒಣ ಕಡ್ಡಿ, ಹೊಟ್ಟು ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಕೊಳವೆ. ಹೀಗೆ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಆಗುವಷ್ಟು ಪಕ್ಕಕ್ಕೆ ಸರಿದು ಹೋಗಿ, ದಾಟಲೇಬೇಕಾದರೆ ಸ್ವಲ್ಪ ಮುಂದೆ ನಿಲ್ಲಿಸಿ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಯೋಚಿಸುತ್ತ ಕೂರದೆ ಇಳಿಯಿರಿ.

ತೊಳೆದಾದ ಮೇಲೆ

ಹೊಳೆಯುವ ಕಾರನ್ನು ಹಾಗೆಯೇ ಹೊದಿಕೆ ಹಾಕಿ ನಿಲ್ಲಿಸಬೇಡಿ. ಒದ್ದೆ ಡಿಸ್ಕಿನ ಮೇಲೆ ಕೆಲವೇ ಗಂಟೆಯಲ್ಲಿ ಕೆಂಪು ತುಕ್ಕು ಬರುತ್ತದೆ, ಪ್ಯಾಡು ಅಂಟಿಕೊಳ್ಳುವುದೂ ಉಂಟು. ರಿಂಗ್ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋಗಿ, ಹಿಂದೆ ಯಾರೂ ಇಲ್ಲದಾಗ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಬನ್ನಿ. ಆಮೇಲೆ ಟೈರು ಪೂರ್ತಿ ಆರಿದ ಮೇಲೆ ಬೇಕಿದ್ದರೆ ಹೊದಿಕೆ ಹಾಕಿ. ಧೂಳು ಕೂತ ಕಾರಿಗೆ ಹೊದಿಕೆ ಎಳೆಯುವುದೆಂದರೆ ಅದೇ ಒಣ ಬಟ್ಟೆಯ ಪಾಪ, ಗಾಳಿಗೆ ಅಲುಗಾಡಿದಷ್ಟೂ ಉಜ್ಜುತ್ತದೆ.

ಮೈಕ್ರೊಫೈಬರ್ ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಮಶೀನಿಗೆ ಹಾಕಬೇಡಿ, ಹತ್ತಿಯ ನೂಲೆಲ್ಲ ಹಿಡಿದುಕೊಳ್ಳುತ್ತವೆ. ಬಟ್ಟೆ ಮೆತ್ತಗಾಗಿಸುವ ಕಂಡಿಷನರ್ ಮುಟ್ಟಿಸಿದರೆ ನೀರು ಹೀರುವ ಗುಣ ಹೋಗುತ್ತದೆ. ಬೇರೆ ಬಕೆಟ್ಟಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಡಿ. ಬಣ್ಣದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು: ನಮ್ಮಲ್ಲಿ ನೀಲಿ ಮೈಗೆ, ಹಳದಿ ಗಾಜಿಗೆ, ಬೂದಿ ಚಕ್ರಕ್ಕೆ. ಈ ಲೆಕ್ಕವನ್ನು ಮನೆಯ ಎಲ್ಲರಿಗೂ ತಿಳಿಸಿರಿ. ನಾನು ಹೇಳಿರಲಿಲ್ಲ. ಕಳೆದ ದೀಪಾವಳಿಯ ಮುನ್ನಾದಿನ ಅವ್ವ ನನ್ನ ದಪ್ಪ ನೀಲಿ ಟವೆಲಿನಿಂದ ಅಡುಗೆಮನೆಯ ಕಟ್ಟೆ ಒರೆಸುತ್ತ, “ಇಂಥ ಚೆಂದದ ಬಟ್ಟೆ ಇಟ್ಟುಕೊಂಡು ಇಷ್ಟು ದಿನ ಕಾರು ಒರೆಸುತ್ತಿದ್ದೆಯೇನು? ಇನ್ನೂ ಎರಡು ತರಿಸು” ಎಂದಳು. ಅದರ ತುಂಬ ಚಕ್ಕುಲಿಯ ಎಣ್ಣೆ ಮೆತ್ತಿತ್ತು. ಈಗ ಅದು ಅಡುಗೆಮನೆಯದೇ, ಕಾರಿಗೆ ಹೊಸದು ಬಂದಿದೆ.